ಎರಡು ಕಾರು, ಒಂದು ಹಂಪು

ಕೋಟಿಗಟ್ಟಲೆ ಬೆಲೆಯ ಕಾರು ಕೊಳ್ಳಲು ಹೊರಟ ನನ್ನ ಭಾಮೈದ ಸತೀಶ, ಎರಡರಲ್ಲಿ ಯಾವುದನ್ನು ತೆಗೆದುಕೊಳ್ಳಲಿ ಎಂದು ಸಲಹೆ ಕೇಳಿದ್ದು ನನ್ನನ್ನು! ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಯಾರೂ ನಂಬುವುದಿಲ್ಲ.

ನನ್ನ ಬಳಿ ಇರುವ ವಾಹನ ಒಂದು ಹಳೆಯ ಸ್ಕೂಟರ್. ಬೆಳಗಿನ ಹೊತ್ತು ಅದನ್ನು ಓರೆ ಮಾಡಿ, ನೆಟ್ಟಗೆ ಮಾಡಿ, ನಾಲ್ಕು ಒಳ್ಳೆಯ ಮಾತಾಡಿ ಒದ್ದರೆ ಹೊರಡುತ್ತದೆ. ಕಾಲೇಜಿನಲ್ಲಿ ನಾನು ಪಾಠ ಮಾಡುವುದು ಕಾಮರ್ಸ್. ಇಂಥವನಿಗೆ ಸ್ಪೋರ್ಟ್ಸ್ ಕಾರಿನ ಬಗ್ಗೆ ಏನು ಗೊತ್ತು ಎಂದು ನೀವು ಕೇಳಬಹುದು. ನನ್ನ ಹೆಂಡತಿ ವೀಣಾ ಆಗಲೇ ಕೇಳಿಯಾಗಿದೆ.

ಅವಳು ಕೇಳಿದ್ದಕ್ಕೆ ಕಾರಣವಿದೆ. ಬಹಳ ವರ್ಷಗಳ ಹಿಂದೆ ನನ್ನ ಸಲಹೆಯ ಮೇರೆಗೆ ಮಾವನ ಮನೆಯವರು ಒಂದು ಭಾರಿ ಫ್ರಿಜ್ ತಂದರು. ಅದು ಅಡುಗೆಮನೆಯ ಬಾಗಿಲಲ್ಲಿ ತೂರಲಿಲ್ಲ. ಹನುಮಂತನಗರದ ಆ ಮನೆಯ ನಡುಮನೆಯಲ್ಲಿ, ಸೋಫಾದ ಪಕ್ಕ, ಊಟಕ್ಕೆ ಕಾಯುತ್ತಿರುವ ನೆಂಟರ ಹಾಗೆ ಇವತ್ತಿಗೂ ನಿಂತಿದೆ. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಅಂದಿನಿಂದ ಆ ಮನೆಯಲ್ಲಿ ತೆಂಗಿನಕಾಯಿ ತರುವುದಕ್ಕೂ ನನ್ನ ಅಭಿಪ್ರಾಯ ಕೇಳುವುದಿಲ್ಲ. ನಾನೂ ಒಂದು ಪಾಠ ಕಲಿತೆ. ಟೇಪು ಹಿಡಿದು ಅಳೆಯದೆ ಯಾರಿಗೂ ಸಲಹೆ ಕೊಡಬಾರದು.

ಹೀಗಿರುವಾಗ ಸತೀಶ ಬಂದು, "ಭಾವ, ಎರಡು ಕಾರು ನೋಡಿದೀನಿ. ನಂಗೆ ತಲೇನೇ ಓಡ್ತಿಲ್ಲ. ನೀವೇ ಹೇಳ್ಬಿಡಿ" ಅಂದ. ಮದುವೆ ಮಂಟಪಗಳಿಗೆ ಹೂವಿನ ಅಲಂಕಾರ ಮಾಡಿಸುವ ಕೆಲಸದಲ್ಲಿ ಅವನು ಚೆನ್ನಾಗಿ ಮೇಲೆ ಬಂದಿದ್ದ. ಅಂಜನಾಪುರದಲ್ಲಿ ಸ್ವಂತ ಮನೆ ಕಟ್ಟಿಸಿದ್ದ. ಅಂಥವನಿಗೆ ನನ್ನ ಮಾತು ಬೇಕಾಗಿದೆ! ಫ್ರಿಜ್ಜಿನ ಕಳಂಕ ತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಬರುವುದಿಲ್ಲ ಎಂದುಕೊಂಡೆ.

ಈ ಕಾರಿನಲ್ಲಿ ವೀಣಾಳದೂ ಒಂದು ಹಕ್ಕಿತ್ತು. ನನ್ನ ಮಾವ ಸೈಕಲ್ ಶಾಪ್ ಇಟ್ಟಿದ್ದವರು. ಗಿರಾಕಿಗೆ ಹೊಸ ಸೈಕಲ್ ಜೋಡಿಸಿದಾಗಲೆಲ್ಲ, ಮೊದಲು ಮಗಳನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಗುಡ್ಡದ ದೇವಸ್ಥಾನದ ತನಕ ಒಂದು ಸುತ್ತು ಹೊಡೆದು, ಆಮೇಲೆ ಸೈಕಲ್ ಕೊಡುತ್ತಿದ್ದರಂತೆ. ಮಾವ ಈಗಿಲ್ಲ. ಆದ್ದರಿಂದ ಸತೀಶ ಅಕ್ಕನಿಗೆ ಮಾತು ಕೊಟ್ಟಿದ್ದ. ಯಾವ ಕಾರೇ ಆಗಲಿ, ಪಕ್ಕದ ಸೀಟಿನಲ್ಲಿ ಮೊದಲು ಕೂರುವವಳು ಅವಳು. ಅವನೇ ಓಡಿಸಿಕೊಂಡು ಸುಬ್ರಹ್ಮಣ್ಯಪುರದ ನಮ್ಮ ಮನೆ ಬಾಗಿಲಿಗೆ ಬಂದು, ಅವಳನ್ನು ಕೂರಿಸಿಕೊಂಡು ಅದೇ ಗುಡ್ಡದ ದೇವಸ್ಥಾನಕ್ಕೆ ಪೂಜೆಗೆ ಕರೆದೊಯ್ಯುವುದು. ವೀಣಾ ಈ ಸುದ್ದಿಯನ್ನು ನಮ್ಮ ಬೀದಿಯ ಒಂದು ಮನೆಯನ್ನೂ ಬಿಡದೆ ಹೇಳಿ ಬಂದಳು. ಹಾಗಾಗಿ ಕಾರು ನಮ್ಮ ಬಾಗಿಲಿಗೆ ಬರಲೇಬೇಕಾಗಿತ್ತು.

ಕೆಂಪು ಕಾರು ಇಟಲಿಯದು, ನೀಲಿ ಕಾರು ಜರ್ಮನಿಯದು. ಎರಡಕ್ಕೂ ಎರಡೇ ಸೀಟು. ಎರಡೂ ನೆಲಕ್ಕೆ ಅಂಟಿಕೊಂಡು ಮಲಗಿದ್ದವು. ಕೆಂಪು ಕಾರಿನ ಶೋರೂಮಿನಲ್ಲಿ ಕೋಟು ಹಾಕಿದ್ದವರೊಬ್ಬರು ಅದರ ವೇಗವನ್ನು ವರ್ಣಿಸಿದರು. ನಾವು ಒಮ್ಮೆ ಸೀನಿ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಅದು ನಿಂತಲ್ಲಿಂದ ನೂರರ ವೇಗ ಮುಟ್ಟುತ್ತದಂತೆ. ಬನಶಂಕರಿಯ ಟ್ರಾಫಿಕ್ಕಿನಲ್ಲಿ ಆ ನೂರನ್ನು ಎಲ್ಲಿ ಇಟ್ಟುಕೊಳ್ಳುವುದು ಎಂದು ನಾನು ಕೇಳಲಿಲ್ಲ. ಸುಮ್ಮನೆ ಜೇಬಿನಿಂದ ವೀಣಾಳ ಬ್ಲೌಸ್ ಅಳೆಯುವ ಟೇಪು ತೆಗೆದು, ಕಾರಿನ ಹೊಟ್ಟೆಗೂ ನೆಲಕ್ಕೂ ಎಷ್ಟು ಅಂತರವಿದೆ ಎಂದು ನೋಡಲು ಆ ಹೊಳೆಯುವ ನೆಲದ ಮೇಲೆ ಅಂಗಾತ ಮಲಗಿದೆ. ನನಗೆ ತಲೆಸುತ್ತು ಬಂತೆಂದು ಸೆಕ್ಯೂರಿಟಿಯವರು ನೀರು ತಂದರು. ಕುಡಿದು, ನೀಲಿ ಕಾರಿನ ಶೋರೂಮಿಗೆ ಹೋಗಿ ಅಲ್ಲಿಯೂ ಮಲಗಿದೆ.

ನೀಲಿ ಕಾರಿಗೆ ಒಂದು ವಿಶೇಷವಿತ್ತು. ಒಳಗೆ ಒಂದು ಗುಂಡಿ ಒತ್ತಿದರೆ ಮೂತಿಯನ್ನು ತಾನೇ ಮೇಲೆತ್ತಿಕೊಂಡು ರಸ್ತೆಗೆ ಅಡ್ಡ ಹಾಕಿದ ಹಂಪು ದಾಟುತ್ತದೆ. ಕೆಂಪಿಗೆ ಆ ಗುಂಡಿ ಇಲ್ಲ. ವೀಣಾ ಫೋನಿನಲ್ಲಿ ಎರಡರ ಫೋಟೋ ನೋಡಿ, ಗುಂಡಿ ಇರುವುದನ್ನೇ ತೆಗೆದುಕೊಳ್ಳಲಿ ಎಂದು ಒಗ್ಗರಣೆ ಹಾಕುತ್ತಲೇ ತೀರ್ಪು ಕೊಟ್ಟಳು. ಇಂಥ ವಿಷಯಗಳನ್ನು ಒಗ್ಗರಣೆ ಹಾಕುತ್ತಾ ನಿರ್ಧರಿಸಲು ಬರುವುದಿಲ್ಲ, ವೈಜ್ಞಾನಿಕ ಸಮೀಕ್ಷೆ ಆಗಬೇಕು ಎಂದು ನಾನು ತಿಳಿಹೇಳಿದೆ.

ಉತ್ತರಹಳ್ಳಿ ರಸ್ತೆಯಿಂದ ನಮ್ಮ ಮನೆಗೆ ಬರಲು ಮೂರು ದಾರಿ. ಭಾನುವಾರ ಬೆಳಿಗ್ಗೆ ತಲೆಗೊಂದು ಟೋಪಿ ಹಾಕಿ, ಕಿಟಕಿಯ ಪರದೆ ಕೋಲು ಮತ್ತು ಟೇಪು ಹಿಡಿದು ಹೊರಟೆ. ಹಂಪಿನ ನೆತ್ತಿಯ ಮೇಲೆ ಕೋಲನ್ನು ಅಡ್ಡ ಇಡುವುದು, ಅಲ್ಲಿಂದ ರಸ್ತೆಗೆ ಟೇಪು ಬಿಡುವುದು, ಅಳತೆ ಬರೆದುಕೊಳ್ಳುವುದು. ಮೊದಲ ದಾರಿಯ ಹಂಪು ಆನೆ ಹೂತಿಟ್ಟಂತಿತ್ತು. ಎರಡನೆಯದರಲ್ಲಿ ಮರಿಯಾನೆಗಳ ಸಾಲೇ ಇತ್ತು. ಮೂರನೆಯ ದಾರಿಯಲ್ಲಿ ಮಾತ್ರ ಒಂದು ಹಂಪೂ ಇರಲಿಲ್ಲ.

ಇಷ್ಟರಲ್ಲಿ ಜನ ನನ್ನನ್ನು ರಸ್ತೆ ಎಂಜಿನಿಯರ್ ಎಂದು ತಿಳಿದುಬಿಟ್ಟಿದ್ದರು. ಒಬ್ಬರು ಕಾಫಿ ತಂದುಕೊಟ್ಟರು. ಇನ್ನೊಬ್ಬರು ಕೈ ಹಿಡಿದು ಕರೆದೊಯ್ದು ಮೋರಿ ತೋರಿಸಿದರು. ನಾನು ಕಾಮರ್ಸ್ ಮೇಷ್ಟ್ರು ಎಂದು ಆಗಲೇ ಹೇಳಬೇಕಿತ್ತು. ಆದರೆ ಅಷ್ಟು ಗೌರವದಿಂದ 'ಸಾರ್' ಅನ್ನಿಸಿಕೊಂಡು ಎಷ್ಟೋ ಕಾಲವಾಗಿತ್ತು. ನಮ್ಮ ಕಾಲೇಜಿನಲ್ಲಿ ಅದು ಹಾಜರಿ ಕಮ್ಮಿ ಬಿದ್ದಾಗ ಮಾತ್ರ ಕೇಳಿಸುತ್ತದೆ. ನಾನು ಗಂಭೀರವಾಗಿ ಮೋರಿ ನೋಡಿ, "ಹ್ಞೂಂ" ಅಂದೆ.

ಮೂರನೆಯ ದಾರಿಯಲ್ಲಿ, ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದ ಲಲಿತಮ್ಮ ಎಂಬವರು ನನ್ನನ್ನು ತಡೆದು ನಿಲ್ಲಿಸಿದರು. ಆ ರಸ್ತೆಯ ನಿವಾಸಿಗಳ ಸಂಘಕ್ಕೆ ಅವರೇ ಅಧ್ಯಕ್ಷೆ. ರಸ್ತೆ ನುಣುಪಾಗಿರುವುದೇ ಅವರಿಗೆ ತೊಂದರೆ. ಬೈಕಿನವರು ಗಾಳಿಯ ಹಾಗೆ ಬಂದು ರಂಗೋಲಿಯನ್ನೂ ಹೊತ್ತುಕೊಂಡು ಹೋಗುತ್ತಾರಂತೆ.

"ಸಾರ್, ನಮ್ ರೋಡಿಗೊಂದು ಹಂಪ್ ಹಾಕ್ಸ್ಕೊಡಿ ಸಾರ್" ಅಂದರು.

"ನೋಡೋಣಮ್ಮ, ಮಾಡ್ಸೋಣ" ಅಂದೆ.

ಈ ಮಾತು ಹೇಳಿದ ಮೇಲೆ ಏನೂ ಆಗುವುದಿಲ್ಲ ಎಂಬುದು ನನ್ನ ಜೀವಮಾನದ ಅನುಭವ. ಹಾಗಾಗಿ ನಿಶ್ಚಿಂತೆಯಿಂದ ಹೇಳಿದೆ. ಆದರೆ ಲಲಿತಮ್ಮ ಬಿಡುವವರಲ್ಲ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದಾರೆ, ಕಾಂಕ್ರೀಟು ಮಿಗುತ್ತದೆ, ನಾವೇ ಹಾಕಿಕೊಂಡರೆ ನಿಮ್ಮದೇನೂ ಅಭ್ಯಂತರ ಇಲ್ಲವಲ್ಲ ಎಂದು ಕೇಳಿದರು. ಧಾರಾಳವಾಗಿ ಹಾಕಿಕೊಳ್ಳಿ ಎಂದು ಮಂಜೂರು ಮಾಡಿದೆ. ಎತ್ತರ ಎಷ್ಟಿರಬೇಕು ಎಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೇಳಿದ್ದಕ್ಕೆ ಉತ್ತರ ಕೊಡದೆ ಹೋದರೆ ಮರ್ಯಾದೆ ಏನು ಉಳಿಯುತ್ತದೆ? ರಸ್ತೆಯ ಮೇಲೆ ಅಂಗೈ ಚಾಚಿ ಒಂದು ಎತ್ತರ ತೋರಿಸಿ, "ಇಷ್ಟು ಬರ್ಲಿ. ಕಮ್ಮಿ ಮಾಡಿದ್ರೆ ಪ್ರಯೋಜನ ಇಲ್ಲ" ಅಂದೆ. ಲಲಿತಮ್ಮ ರಂಗೋಲಿ ಪುಡಿಯಿಂದ ಕಾಂಪೌಂಡಿನ ಗೋಡೆಗೆ ಅದೇ ಎತ್ತರಕ್ಕೆ ಗೆರೆ ಎಳೆದುಕೊಂಡರು. ಜನ ಎಷ್ಟು ಆಶಾವಾದಿಗಳು ಎಂದು ಮರುಕಪಟ್ಟು ಮನೆಗೆ ಬಂದೆ.

ಅದೇ ಸಂಜೆ ಸತೀಶನಿಗೆ ನನ್ನ ಅಂತಿಮ ವರದಿ ಒಪ್ಪಿಸಿದೆ. ಹಂಪಿಲ್ಲದ ದಾರಿಯೊಂದು ಇರುವಾಗ ಮೂತಿ ಎತ್ತುವ ಗುಂಡಿ ಶುದ್ಧ ದಂಡ. ವೇಗದಲ್ಲಿ ಕೆಂಪು ಒಂದು ಕೈ ಮೇಲು. ಆದ್ದರಿಂದ ಕೆಂಪು! ಸತೀಶ ಮರುಮಾತಾಡದೆ ಒಪ್ಪಿದ. ಮಾವನ ಮನೆಯ ನಡುಮನೆಯಲ್ಲಿ ನನಗೆ ಮತ್ತೆ ಎದೆಯೆತ್ತಿ ಕೂರುವ ದಿನ ಬಂತು ಎಂದು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಕೆಲವು ವಾರಗಳ ಮೇಲೆ ಕಾರು ಬಂತು. ಆ ದಿನ ವೀಣಾ ಮಾವಿನೆಲೆ ಬಣ್ಣದ ರೇಷ್ಮೆ ಸೀರೆ ಉಟ್ಟು, ಆರತಿ ತಟ್ಟೆ ಸಿದ್ಧಮಾಡಿ, ಚಕ್ರಕ್ಕೆ ಇಡಲು ನಿಂಬೆಹಣ್ಣು ಆರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೀದಿಗೆ ಬೀದಿಯೇ ಹೊರಗೆ ಬಂದಿತ್ತು. ರಾಹುಕಾಲಕ್ಕೆ ಮುಂಚೆ ದೇವಸ್ಥಾನ ಸೇರಬೇಕು ಎಂದು ಅರ್ಚಕರು ಹೇಳಿದ್ದರು. ನಾನು ದಾರಿ ತೋರಿಸಲು ಸ್ಕೂಟರಿನಲ್ಲಿ, ದಿನಾ ಓಡಾಡುವ ಮೊದಲ ದಾರಿಯಿಂದಲೇ, ಉತ್ತರಹಳ್ಳಿ ರಸ್ತೆಗೆ ಹೋದೆ. ಮುಂದೆ ನನ್ನ ಸ್ಕೂಟರ್, ಹಿಂದೆ ಹುಲಿಯ ಹಾಗೆ ಗುರುಗುಟ್ಟುತ್ತಾ ಕೆಂಪು ಕಾರು. ಮಂತ್ರಿಗಳಿಗೂ ಇಂಥ ಮೆರವಣಿಗೆ ಸಿಗುವುದಿಲ್ಲ ಎಂದುಕೊಂಡು ಮೂರನೆಯ ದಾರಿಗೆ ತಿರುಗಿದೆ.

ಸ್ಕೂಟರ್ ಗಾಳಿಗೆ ಹಾರಿತು. ನಾನು ಅದಕ್ಕಿಂತ ಎತ್ತರಕ್ಕೆ ಹಾರಿದೆ.

ಕೆಳಗೆ ಬಂದು ತಿರುಗಿ ನೋಡಿದರೆ, ಬಿಳಿ ಹಳದಿ ಪಟ್ಟೆ ಬಳಿದುಕೊಂಡ ಹೊಚ್ಚಹೊಸ ಹಂಪು! ಸತೀಶ ಅದರ ಮುಂದೆ ಬ್ರೇಕು ಹಾಕಿ ನಿಂತಿದ್ದ. ಲಲಿತಮ್ಮ ಮುಖ ತುಂಬ ನಗು ತುಂಬಿಕೊಂಡು ಹೊರಗೆ ಬಂದರು.

"ಬನ್ನಿ ಎಂಜಿನಿಯರ್ ಸಾರ್. ನೀವು ತೋರ್ಸಿದಷ್ಟೇ ಎತ್ತರ ಮಾಡ್ಸಿದೀವಿ, ಒಂದು ಕೂದ್ಲೂ ಕಮ್ಮಿ ಇಲ್ಲ."

ಸತೀಶ ಗಾಜು ಇಳಿಸಿ, ಯಾರು ಎಂಜಿನಿಯರ್ ಎಂದು ಕೇಳಿದ. ನಾನು ಕೇಳಿಸದವನಂತೆ ಟೇಪು ತೆಗೆದೆ. ಅವನು ಬುದ್ಧಿವಂತ. ಕಾರನ್ನು ಇಲ್ಲೇ ನಿಲ್ಲಿಸುತ್ತೇನೆ, ಅಕ್ಕ ಇಲ್ಲಿಗೇ ನಡೆದು ಬರಲಿ, ಹೀಗೇ ಹಿಂದಕ್ಕೆ ಹೋದರಾಯಿತು ಎಂದ. ಒಪ್ಪಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ನನ್ನ ಕಣ್ಣ ಮುಂದೆ ಆ ಫ್ರಿಜ್ ಬಂದು ನಿಂತಿತು. ಈ ಬಾರಿ ಬಾಗಿಲ ತನಕ ತಂದೇ ತರುತ್ತೇನೆ ಎಂಬ ಹಟ ಹತ್ತಿತು. ಹಂಪನ್ನು ಅಳೆದೆ. ಶೋರೂಮಿನಲ್ಲಿ ಬರೆದುಕೊಂಡಿದ್ದ ಅಳತೆಯ ಜೊತೆ ಹೋಲಿಸಿದೆ. ಎರಡೂ ಸಮಸಮ ಎಂದು ನನಗೆ ತೋರಿತು. ಸತೀಶನ ತೂಕ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಏನಾಗಲ್ಲ, ಕ್ರಾಸಾಗಿ ಹತ್ತಿಸು. ನಾನಿದೀನಿ" ಅಂದೆ. ಮುಂದೆ ನಿಂತು ಎರಡೂ ಕೈ ಬೀಸಿ ಬಾ ಬಾ ಎಂದು ಕರೆದೆ.

ಕಾರು ಬಂತು. ಮುಂದಿನ ಚಕ್ರಗಳು ದಾಟಿದವು. ನಾನು ಸುತ್ತ ನಿಂತವರ ಕಡೆ ಒಮ್ಮೆ ನೋಡಿದೆ. ಅಷ್ಟರಲ್ಲಿ ಕೆಳಗಿನಿಂದ 'ಕರ್ರ್' ಎಂಬ ಸದ್ದು ಬಂತು, ಆ ಸದ್ದಿನ ಹಿಂದೆಯೇ ಬೀದಿಯೆಲ್ಲ 'ಅಯ್ಯೋ' ಅಂದಿತು. ಮುಂದಿನ ಚಕ್ರ ಆ ಕಡೆ, ಹಿಂದಿನ ಚಕ್ರ ಈ ಕಡೆ, ಹೊಟ್ಟೆ ಹಂಪಿನ ಮೇಲೆ. ಸೀನಿ ಮೂಗು ಒರೆಸುವಷ್ಟರಲ್ಲಿ ನೂರು ಮುಟ್ಟುವ ಕಾರು ಆಮೇಲೆ ಒಂದು ಅಂಗುಲವೂ ಕದಲಲಿಲ್ಲ. ಜನ ಹಲಗೆ ಕೊಟ್ಟು ನೋಡಿದರು, ತಳ್ಳಲು ಬಂದರು. ಸತೀಶ ಯಾರೂ ಮುಟ್ಟಬೇಡಿ ಎಂದು ಕೈಮುಗಿದು ಕಂಪನಿಗೆ ಫೋನು ಮಾಡಿದ. ಲಾರಿ ಬಂದು ಎತ್ತಿಕೊಂಡು ಹೋಗಬೇಕು, ಮಧ್ಯಾಹ್ನ ಆಗಬಹುದು ಎಂದರು.

ಸುದ್ದಿ ನನಗಿಂತ ಮೊದಲೇ ನಮ್ಮ ಬೀದಿ ಮುಟ್ಟಿತ್ತು. ವೀಣಾ ಆರತಿ ತಟ್ಟೆ ಹಿಡಿದುಕೊಂಡೇ ನಡೆದು ಬಂದಳು. ಕಾರು ನೋಡಿದಳು, ಹಂಪು ನೋಡಿದಳು, ನನ್ನನ್ನು ನೋಡಿದಳು. ಲಲಿತಮ್ಮ ಹೆಮ್ಮೆಯಿಂದ ಎಲ್ಲವನ್ನೂ ಮೊದಲಿನಿಂದ ವಿವರಿಸಿದರು, ಗೋಡೆಯ ಮೇಲಿನ ಗೆರೆಯನ್ನೂ ತೋರಿಸಿದರು. ವೀಣಾ ಬೈಯಲಿಲ್ಲ. ಹಂಪಿನ ಮೇಲೆ ಮಲಗಿದ್ದ ಕಾರಿಗೇ ಆರತಿ ಎತ್ತಿ, ಮೂತಿಗೆ ಕುಂಕುಮ ಇಟ್ಟಳು. ಉರುಳದ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಏನು ಫಲ? ಅವನ್ನು ನನ್ನ ಕೈಗೆ ಹಾಕಿದಳು.

ಸತೀಶ ಅರ್ಚಕರಿಗೆ ಫೋನು ಮಾಡಿದ. ಕಾರು ಬರಲಾಗದಿದ್ದರೆ ಕೀ ತನ್ನಿ, ಕೀಗೇ ಪೂಜೆ ಮಾಡಿಕೊಡುತ್ತೇನೆ ಎಂದರು. ಹಂಪಿನ ಆ ಕಡೆಗೆ ಒಂದು ಆಟೋ ಕರೆಸಿದರು. ಹತ್ತುವ ಮುಂಚೆ ವೀಣಾ ಮೆಲ್ಲಗೆ ನನಗೆ ಹೇಳಿದಳು.

"ನಮ್ಮಪ್ಪ ಒಂದಿನಾನೂ ಟೇಪ್ ಹಿಡಿದೋರಲ್ಲ ರೀ. ಆದ್ರೆ ಆ ಒಂದು ಸುತ್ತು ಮಾತ್ರ ಯಾವತ್ತೂ ತಪ್ಪಿಸ್ಲಿಲ್ಲ."

ಫ್ರಿಜ್ಜಿನ ಸಮಯದಲ್ಲೂ ನನಗೆ ಅಷ್ಟು ಬೇಸರವಾಗಿರಲಿಲ್ಲ. ನಿಜವಾಗಿ ಸಂಕಟವಾಯಿತು. ರೇಷ್ಮೆ ಸೀರೆಯ ಸೆರಗು ಆಟೋದ ಹೊರಗೆ ಹಾರುತ್ತಾ ತಿರುವಿನಲ್ಲಿ ಮರೆಯಾಯಿತು.

ಅಕ್ಕ ತಮ್ಮ ಇಬ್ಬರೂ ಹೋದ ಮೇಲೆ ಕಾರು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಒಳಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕುಳಿತೆ. ಕೂರುವುದಲ್ಲ, ಬೀಳುವುದು. ಪಕ್ಕದ ಸೀಟಿಗೆ ಕೈ ಕೂಡ ತಾಗಿಸಲಿಲ್ಲ, ಅದು ಅವಳದ್ದು. ದಾರಿಹೋಕರು ಬಗ್ಗಿ ಬಗ್ಗಿ ನೋಡಿದರು. ಒಬ್ಬ ಹಿರಿಯರು ಮೈಲೇಜು ಎಷ್ಟು ಬರುತ್ತದೆ ಎಂದು ವಿಚಾರಿಸಿದರು. ಸದ್ಯಕ್ಕೆ ಏನೂ ಇಲ್ಲ ಎಂದೆ.

ಆಟೋ ವಾಪಸ್ ಬಂದಾಗಲೂ ಲಾರಿ ಬಂದಿರಲಿಲ್ಲ. ಹೂವು ಸುತ್ತಿದ ಕೀಯನ್ನು ಹಿಡಿದು ಇಳಿದ ವೀಣಾ, ತಮ್ಮನಿಗೆ ಬಾಗಿಲು ತೆಗೆಯಲು ಹೇಳಿ, ಸೀರೆ ಒಟ್ಟುಮಾಡಿಕೊಂಡು ತನ್ನ ಸೀಟಿನಲ್ಲಿ ಬಂದು ಕುಳಿತಳು. ಸ್ವಲ್ಪ ಹೊತ್ತು ಮುಂದಿನ ಗಾಜಿನಲ್ಲಿ ಕಾಣುತ್ತಿದ್ದ ಆಕಾಶವನ್ನು ನೋಡಿದಳು. ಆಮೇಲೆ, "ಸರಿ, ಹೊರಡಿ" ಅಂದಳು. ನಾನು ಸ್ಟಿಯರಿಂಗ್ ಹಿಡಿದೆ. ಅವಳಿಗೆ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಲಲಿತಮ್ಮ ಎರಡು ಲೋಟ ಶರಬತ್ತು ತಂದರು. ನಾನು ಅವರ ಕಾಂಪೌಂಡಿನ ಮೇಲಿಟ್ಟಿದ್ದ ನಿಂಬೆಹಣ್ಣಿನಲ್ಲೇ ಮಾಡಿದ್ದರು. ಕಿಟಕಿಗೆ ಬಗ್ಗಿ, ಈ ಹಂಪು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಕಣ್ಣಾರೆ ನೋಡಿದ ಮೇಲೆ ಸಂಘದವರೆಲ್ಲ ಸೇರಿ ತೀರ್ಮಾನಿಸಿದ್ದೇವೆ, ರಸ್ತೆಯ ಆ ತುದಿಗೂ ಒಂದು ಬೇಕು, ಎಂಜಿನಿಯರ್ ಸಾರ್ ಮನಸ್ಸು ಮಾಡಬೇಕು ಎಂದರು.

ನಾನು ಬಾಯಿ ತೆರೆದೆ. ನನಗಿಂತ ಮೊದಲು ವೀಣಾ ಉತ್ತರ ಕೊಟ್ಟಳು.

"ಮಾಡಿಸ್ತಾರಮ್ಮ, ಅದಕ್ಕೇನಂತೆ. ಎತ್ತರ ಎಷ್ಟು ಅಂತ ಮಾತ್ರ ಇವರನ್ನ ಕೇಳ್ಬೇಡಿ."

ನಾನು ಟೇಪನ್ನು ಮೆಲ್ಲಗೆ ಅವಳ ಮಡಿಲಲ್ಲಿಟ್ಟು ಶರಬತ್ತು ಕುಡಿದೆ.