ಪನ್ನೀರು ಗುಲಾಬಿಯವರಿಗೆ, ಉದುರಬೇಕಾದ ದಿನ ಉದುರದ ದಳಗಳ ಕುರಿತು

ನಮ್ಮ ಮನೆಯ ಗೇಟಿನ ಪಕ್ಕದ ಗೌರವಾನ್ವಿತ ನಿವಾಸಿಗಳೂ, ಸದಾ ಪುಷ್ಪಿತರೂ, ಸರ್ವಾಂಗ ಕಂಟಕಭೂಷಿತರೂ ಆದ ಪನ್ನೀರು ಗುಲಾಬಿಯವರ ಬುಡಕ್ಕೆ, ಅದೇ ಮನೆಯ ಒಳಗೆ ವಾಸಿಸಲು ಅವಕಾಶ ಪಡೆದಿರುವ ಉಮಾಶಂಕರನು ದೂರದಿಂದಲೇ ಸಲ್ಲಿಸುವ ಅನಂತ ವಂದನೆಗಳು. ಹತ್ತಿರ ಬಂದು ಬಗ್ಗಿ ವಂದಿಸಿದರೆ ಅಂಗಿ ಉಳಿಯುವುದಿಲ್ಲ ಎಂಬುದು ತಮಗೆ ತಿಳಿದ ವಿಷಯ.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ಕಾಣುವುದಿಲ್ಲ. ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ಬಸ್ಸು ನಮ್ಮ ಸ್ಟಾಪಿನಲ್ಲಿ ನಿಂತಾಗ, ಕಿಟಕಿಯ ಪಕ್ಕ ಕೂತವರೆಲ್ಲ ಮೂಗು ಹೊರಗೆ ಹಾಕಿ ತಮ್ಮ ಕ್ಷೇಮವನ್ನು ವಿಚಾರಿಸಿಕೊಂಡೇ ಮುಂದೆ ಹೋಗುತ್ತಾರೆ. ನನ್ನ ಕ್ಷೇಮವನ್ನು ತಾವು ಕೇಳಿದವರಲ್ಲ, ಆದ್ದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ. ನಿವೃತ್ತಿಯಾಗುವವರೆಗೂ ತಾಲ್ಲೂಕು ಕಚೇರಿಯೊಂದರಲ್ಲಿ ಕೂತು, ಜನರ ಅರ್ಜಿಗಳನ್ನು ಓದಿ, ‘ಪರಿಶೀಲಿಸಲಾಗುವುದು’ ಎಂದು ಬರೆದು ಸಂಸಾರ ಸಾಗಿಸಿದವನು ನಾನು. ಸ್ವತಃ ದೂರು ಬರೆಯುವ ದಿನ ಬಂದೀತೆಂದು, ಅದೂ ಒಂದು ಗಿಡಕ್ಕೆ ಬರೆಯಬೇಕಾದೀತೆಂದು ಅಂದುಕೊಂಡಿರಲಿಲ್ಲ. ದಯವಿಟ್ಟು ಪರಿಶೀಲಿಸಬೇಕು.

ದೂರಿಗೆ ಮೊದಲು ಗುಣಗಾನ ಮಾಡುವುದು ನಮ್ಮ ಕಡೆಯ ಮರ್ಯಾದೆ. ತಾವು ಮೂಲತಃ ನನ್ನ ತಾಯಿ ಸೊಣ್ಣಮ್ಮನವರು ಯಾವುದೋ ನೆಂಟರ ಮನೆಯಿಂದ ಸೆರಗಿನಲ್ಲಿ ಸುತ್ತಿಕೊಂಡು ತಂದ ಒಂದು ಕಡ್ಡಿ. ಗೊಬ್ಬರ ಕೇಳಲಿಲ್ಲ, ಔಷಧಿ ಕೇಳಲಿಲ್ಲ, ಅಕ್ಕಿ ತೊಳೆದ ನೀರು ಕುಡಿದುಕೊಂಡು, ಸೋಸಿದ ಟೀ ಸೊಪ್ಪು ತಿಂದುಕೊಂಡು ಬೆಳೆದಿರಿ. ಈಗ ಗೇಟಿನ ಒಂದು ಬಾಗಿಲು ತಮ್ಮ ಅಪ್ಪಣೆಯಿಲ್ಲದೆ ತೆರೆಯುವುದಿಲ್ಲ, ಹಾಗಾಗಿ ಕೊರಿಯರ್‌ನವರು ಪಾರ್ಸೆಲ್ಲನ್ನು ಕಾಂಪೌಂಡಿನ ಮೇಲಿಂದಲೇ ಎಸೆದು ಹೋಗುತ್ತಾರೆ. ಮಾವು ವರ್ಷಕ್ಕೊಮ್ಮೆ ಕೆಲಸ ಮಾಡಿ ಸುಮ್ಮನಿರುತ್ತದೆ, ಸೇವಂತಿಗೆ ತನ್ನ ಕಾಲ ಮುಗಿದ ಮೇಲೆ ಒಣಗಿ ಕೂರುತ್ತದೆ. ತಾವೊಬ್ಬರೇ ರಜೆ ಎಂಬುದನ್ನು ಅರಿಯದವರು. ಒಂದು ಸುತ್ತು ಹೂ ಬಿಟ್ಟು ಮುಗಿಯಿತಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಕೆಂಪಗೆ ಚಿಗುರಿ, ಮತ್ತೆ ಮೊಗ್ಗಿಟ್ಟು, ಮತ್ತೆ ಬೀದಿಯ ತುಂಬ ಘಮಘಮಿಸುತ್ತೀರಿ. ತಮ್ಮಂಥ ನೌಕರರು ಒಬ್ಬರಿದ್ದಿದ್ದರೆ ನಮ್ಮ ಕಚೇರಿಯವರು ಸೇರಿಕೊಂಡು ವರ್ಗ ಮಾಡಿಸಿಬಿಡುತ್ತಿದ್ದರು.

ನಮ್ಮ ಸುತ್ತಮುತ್ತಲ ಪಾಲಿಹೌಸ್‌ಗಳಲ್ಲಿ ತಮ್ಮ ದೂರದ ಬಂಧುಗಳು ಬೆಳೆಯುತ್ತಿದ್ದಾರೆ. ಮೊಗ್ಗಿದ್ದಾಗಲೇ ತಲೆಗೆ ಬಲೆ ಟೋಪಿ ಹಾಕಿಸಿಕೊಂಡು, ಉದ್ದ ಕಡ್ಡಿಯ ಮೇಲೆ ನೆಟ್ಟಗೆ ನಿಂತು, ಯಾವ ವಾಸನೆಯನ್ನೂ ಬೀರದೆ, ಒಂದು ದಳವನ್ನೂ ಬೀಳಿಸದೆ ದೇವನಹಳ್ಳಿಯಲ್ಲಿ ವಿಮಾನ ಹತ್ತಿ ಹೋಗುವ ಸಭ್ಯಸ್ಥರು. ತಾವೋ, ಬೆಳಗ್ಗೆ ಅರಳಿ ಮಾರನೆಯ ಬೆಳಗ್ಗೆ ಅಂಗಳದಲ್ಲಿ ಹರಡಿಕೊಂಡಿರುತ್ತೀರಿ. ನನ್ನ ಪತ್ನಿ ಪ್ರಮೋದಾ ಅವರು ಸೊಂಟನೋವಿನ ನೆಪದಲ್ಲಿ ಪೊರಕೆಯನ್ನು ನನಗೆ ಹಸ್ತಾಂತರಿಸಿದಂದಿನಿಂದ ತಮ್ಮ ದಳಗಳನ್ನು ಗುಡಿಸುವುದೇ ನನ್ನ ನಿವೃತ್ತ ಜೀವನ. ಇತ್ತ ಗುಡಿಸಿ ಅತ್ತ ತಿರುಗುವುದರೊಳಗೆ ಹಿಂದೆ ಮತ್ತೊಂದಿಷ್ಟು ಉದುರಿರುತ್ತದೆ. ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ವಾಕಿಂಗ್ ಹೊರಡುವ ಊರಿನ ಭಕ್ತಾದಿಗಳು ಕಾಂಪೌಂಡಿನಾಚೆಯಿಂದ ಕೈಹಾಕಿ, “ದೇವ್ರಿಗೆ ತಾನೇ ಸಾರ್” ಎಂದು ನನ್ನ ಮುಖವನ್ನೇ ನೋಡಿಕೊಂಡು ಕಿತ್ತುಕೊಳ್ಳುವಾಗಲೂ ತಾವು ಅವರಿಗೆ ಹೂ ಕೊಟ್ಟು, ಬಿಡಿಸಲು ಹೋದ ನನಗೆ ಮುಳ್ಳು ಕೊಟ್ಟಿದ್ದೀರಿ.

ಇನ್ನು ನನ್ನ ಒಬ್ಬಳೇ ಮಗಳು ಚಂದನಳ ಬಾಲ್ಯವನ್ನು ತಾವು ಹಾಳುಮಾಡಿದ್ದನ್ನು ಹೇಳದಿದ್ದರೆ ದೂರು ಅಪೂರ್ಣವಾಗುತ್ತದೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರು ಸುರಿದು, ತಮ್ಮ ದಳಗಳನ್ನು ಒಂದೊಂದಾಗಿ ಅಂಟಿಸಿ ರಂಗೋಲಿ ಮಾಡುವುದು ಅವಳ ಆಟವಾಗಿತ್ತು. ಓದು ಬಿಟ್ಟು ಅಲ್ಲೇ ಕೂತಿರುತ್ತಿದ್ದಳು. ಕಲ್ಲು ಒಣಗುವವರೆಗೂ ಆ ರಂಗೋಲಿ ಕದಲುತ್ತಿರಲಿಲ್ಲ, ಉಗುರಿನಿಂದ ಕೆರೆದು ತೆಗೆಯಬೇಕಾಗುತ್ತಿತ್ತು, ಕೆರೆಯುತ್ತ ನಾನು ಬೈಯುತ್ತಿದ್ದೆ. ಹಾಗಿದ್ದರೂ ಅವಳು ಹೇಗೋ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ಪಾಠ ಹೇಳುವ ಕೆಲಸ ಹಿಡಿದಳು.

ಇವೆಲ್ಲ ಸಣ್ಣಪುಟ್ಟ ವಿಷಯಗಳು, ಹೊಟ್ಟೆಗೆ ಹಾಕಿಕೊಂಡಿದ್ದೆ. ನಿಜವಾದ ದೂರು ಈಗ ಬರುತ್ತದೆ.

ಆ ಶಾಲೆಯ ವಾರ್ಷಿಕೋತ್ಸವಕ್ಕೆ ವೇದಿಕೆ ಅಲಂಕಾರ ಮಾಡಲು ಹೊಸಕೋಟೆಯಿಂದ ಮುನೀಂದ್ರ ಎಂಬ ಯುವಕರು ಬಂದರು. ಮದುವೆ ಮಂಟಪ, ನಾಮಕರಣದ ತೊಟ್ಟಿಲು, ಶಾಲೆಯ ಸ್ಟೇಜು, ಎಲ್ಲವನ್ನೂ ಪ್ಲಾಸ್ಟಿಕ್ ಹೂವಿನಿಂದ ಸಿಂಗರಿಸುವುದು ಅವರ ಉದ್ಯೋಗ. ವೇದಿಕೆ ಬಿಚ್ಚಿಕೊಂಡು ಹೋದವರು ನನ್ನ ಮಗಳ ಮನಸ್ಸನ್ನು ಬಿಟ್ಟು ಹೋಗಲಿಲ್ಲ. ಮದುವೆಯಾದರೆ ಅವರನ್ನೇ ಎಂದು ಅವಳು ನನ್ನೆದುರು ನಿಂತು ಹೇಳಿದಾಗ, ನಾನು ನೆಲಮಂಗಲದ ಸರ್ಕಾರಿ ಇಂಜಿನಿಯರೊಬ್ಬರ ಜಾತಕವನ್ನು ಜೇಬಿನಲ್ಲಿ ಇಟ್ಟುಕೊಂಡು ಕೂತಿದ್ದೆ. ಪನ್ನೀರು ಗುಲಾಬಿ ಇರುವ ಮನೆಯ ಹೆಣ್ಣು ಪ್ಲಾಸ್ಟಿಕ್ ಗುಲಾಬಿಯ ಮನೆಗೆ ಹೋಗುವುದೆಂದರೆ ಏನು? ತಮ್ಮ ಮಾನಕ್ಕಾಗಿಯೇ ನಾನು ವಿರೋಧಿಸಿದೆ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಮನೆಯಲ್ಲಿ ಮಾತು ನಿಂತಿತು. ಮಗಳು ಅಡುಗೆಮನೆಯಲ್ಲಿ ಉಂಡಳು, ನಾನು ಪಡಸಾಲೆಯಲ್ಲಿ ಉಂಡೆ, ಪ್ರಮೋದಾ ಅವರು ಎರಡೂ ಕಡೆ ಬಡಿಸಿ ಎಲ್ಲಿಯೂ ಉಣ್ಣಲಿಲ್ಲ. ಕೊನೆಗೆ ಸೊಣ್ಣಮ್ಮನವರು, “ನಿಮ್ ಜಗಳ ನಂಗ್ ಬ್ಯಾಡ ಕಣ್ಲಾ ಶಂಕ್ರಾ, ಸಪ್ಲಮ್ಮನ್ ತಾವ ಹೂ ಕೇಳ್ಬುಡಾನ, ಅವ್ವ ಏನ್ ಹೇಳ್ತಾಳೋ ಅದು” ಎಂದು ತೀರ್ಪು ಕೊಟ್ಟರು. ನಾನು ಎಲ್ಲರೆದುರಿಗೆ ಒಪ್ಪಿದೆ. ಸಪ್ಲಮ್ಮ ಹೇಳಿದಂತೆ ನಡೆಯುತ್ತೇನೆ, ಆಮೇಲೆ ಒಂದು ಮಾತೂ ಆಡುವುದಿಲ್ಲ ಎಂದು ದೀಪ ಮುಟ್ಟಿ ಹೇಳಿದೆ. ಇಷ್ಟು ಧೈರ್ಯವಾಗಿ ಒಪ್ಪಿದ್ದು ತಮ್ಮನ್ನು ನಂಬಿಕೊಂಡು.

ತಾವು ಗೇಟು ಬಿಟ್ಟು ಎಲ್ಲಿಗೂ ಹೋದವರಲ್ಲವಾದ್ದರಿಂದ ಪದ್ಧತಿಯನ್ನು ವಿವರಿಸುತ್ತೇನೆ. ಊರಮ್ಮನಾದ ಸಪ್ಲಮ್ಮನ ಕಲ್ಲಿನ ವಿಗ್ರಹಕ್ಕೆ ನೀರು ಹಾಕಿ, ಎರಡು ಭುಜದ ಮೇಲೂ ಒಂದೊಂದು ಹೂ ಇಟ್ಟು, ಪೂಜಾರಿಯವರು ನಮ್ಮ ಪ್ರಶ್ನೆಯನ್ನು ಅಮ್ಮನಿಗೆ ಒಪ್ಪಿಸುತ್ತಾರೆ. ಬಲಭುಜದ ಹೂ ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಭುಜದ್ದು ಬಿದ್ದರೆ ಬೇಡ ಎಂದರ್ಥ, ಒಂದೆರಡು ದಳ ಉದುರಿದರೂ ಬಿದ್ದಂತೆಯೇ ಲೆಕ್ಕ. ಹೂವು ಮಾತ್ರ ಕೇಳುವವರ ಮನೆಯದೇ ಆಗಿರಬೇಕು. ನಮ್ಮ ಮನೆಯಲ್ಲಿ ಇರುವ ಹೂವು ತಾವೊಬ್ಬರೇ.

ಆ ಶುಕ್ರವಾರ ಬೆಳಗ್ಗೆ ಮನೆಯವರು ಏಳುವ ಮೊದಲೇ ತಮ್ಮ ಸನ್ನಿಧಿಗೆ ಬಂದು, ಯೋಚಿಸಿ ಎರಡು ಹೂ ಬಿಡಿಸಿದವನು ನಾನು. ಒಂದು, ಬಿಗಿಯಾಗಿ ಮುಚ್ಚಿಕೊಂಡಿದ್ದ ಮೊಗ್ಗು, ಹಿಡಿದು ಅಲ್ಲಾಡಿಸಿದರೂ ಒಂದು ದಳ ಬಿಡದಂಥದ್ದು. ಇನ್ನೊಂದು, ಹಿಂದಿನ ದಿನವೇ ಅರಳಿ, ಕೆಮ್ಮಿದರೆ ಉದುರುವ ಸ್ಥಿತಿಯಲ್ಲಿದ್ದ ಹೂವು. ಇದನ್ನು ಮಗುವಿನಂತೆ ಎತ್ತಿಕೊಂಡು ಬೇರೆ ದೊನ್ನೆಯಲ್ಲಿಟ್ಟೆ. ಗುಡಿಯಲ್ಲಿ ಪೂಜಾರಿ ಪಾಪಯ್ಯನವರಿಗೆ, ಮೊಗ್ಗು ಶುಭ, ಅದು ಬಲಕ್ಕಿರಲಿ, ಅರಳಿದ್ದು ಎಡಕ್ಕಿರಲಿ ಎಂದು ಭಕ್ತಿಯಿಂದ ಕೊಟ್ಟೆ. ಇದನ್ನು ಕೆಲವರು ಮೋಸ ಎಂದಾರು. ಮೇಲಿನವರಿಗೆ ಕೆಲಸ ಸುಲಭವಾಗಲೆಂದು ಕಡತವನ್ನು ಸಿದ್ಧಪಡಿಸಿ ಮುಂದಿಡುವುದು ಎಂದು ನಮ್ಮ ಕಚೇರಿಯಲ್ಲಿ ಕರೆಯುತ್ತಿದ್ದೆವು.

ಮಗಳು ಆ ದಿನ ಎಂದಿಲ್ಲದ ಭಕ್ತಿ ತೋರಿಸಿದಳು. ಪಾಪಯ್ಯನವರು ಪದ್ಧತಿಯಂತೆ ಚೊಂಬಿನಿಂದ ನಾಲ್ಕು ಹನಿ ಚಿಮುಕಿಸಲು ಹೊರಟಾಗ, ನಲ್ಲಿಯಿಂದ ಬಿಂದಿಗೆ ತುಂಬ ನೀರು ಹೊತ್ತು ತಂದು, “ಚೆನ್ನಾಗ್ ಹುಯ್ಯಿ ತಾತ, ಅಮ್ಮ ತಂಪಾಗ್ಲಿ” ಎಂದಳು. ಸೋಲುವ ಮುಂಚೆ ದೇವರ ಮೇಲೆ ಇಷ್ಟು ಪ್ರೀತಿ ಬಂತಲ್ಲ ಎಂದು ನನಗೆ ಅವಳ ಮೇಲೆ ಕನಿಕರವೂ ಆಯಿತು.

ಪ್ರಶ್ನೆ ಒಪ್ಪಿಸಿದರು. ಗಂಟೆ ಬಾರಿಸಿದರು. ಮಾನ್ಯರೇ, ನನ್ನ ಅಂಗಳದಲ್ಲಿ ಗಾಳಿಯಿಲ್ಲದೆಯೂ ಉದುರುವ, ನೋಡಿದರೆ ಉದುರುವ, ನೋಡದಿದ್ದರೂ ಉದುರುವ ತಮ್ಮ ದಳಗಳು ಅಂದು ಸಪ್ಲಮ್ಮನ ಎಡಭುಜಕ್ಕೆ ಒದ್ದೆ ಕಾಗದದಂತೆ ಅಂಟಿಕೊಂಡವು. ನಾನು ಕೈಮುಗಿದು ಒಳಗೊಳಗೆ ಉದುರಿ, ಉದುರಿ ಎಂದು ಬೇಡಿಕೊಳ್ಳುತ್ತಲೇ ಇದ್ದೆ, ಒಂದೂ ಕದಲಲಿಲ್ಲ. ನಾನು ಆರಿಸಿ ತಂದ ಬಿಗಿ ಮೊಗ್ಗು ಮಾತ್ರ ಗುಂಡಗಿದ್ದುದರಿಂದಲೋ ತೂಕವಾಗಿದ್ದುದರಿಂದಲೋ, ನೀರಿಳಿಯುತ್ತಿದ್ದ ಬಲಭುಜದಿಂದ ಜಾರಿ, ಪೀಠದ ಮೇಲೆ ಪುಟಿದು, ಉರುಳಿಕೊಂಡು ಬಂದು ನನ್ನ ಕಾಲಿನ ಬಳಿ ನಿಂತಿತು. “ಬಿತ್ತು ಕಣ್ಲಾ, ಬಲಕ್ಕೇ ಕೊಟ್ಬುಟ್ಲು ನಮ್ಮವ್ವ!” ಎಂದು ಸೊಣ್ಣಮ್ಮನವರು ಇಡೀ ಗುಡಿಗೆ ಕೇಳುವಂತೆ ಕೂಗಿದರು. ಪಾಪಯ್ಯನವರು ಆ ಮೊಗ್ಗನ್ನು ಎತ್ತಿ, ಅಮ್ಮನ ಪ್ರಸಾದ ಎಂದು ನನ್ನ ಕಿವಿಗೇ ಸಿಕ್ಕಿಸಿದರು. ಮನೆ ಮುಟ್ಟುವವರೆಗೂ ಅದು ಅಲ್ಲಿ ಭದ್ರವಾಗಿ ಕೂತಿತ್ತು.

ಕೊಟ್ಟ ಮಾತಿನಂತೆ ಮದುವೆ ಮಾಡಿಕೊಟ್ಟೆ. ಮಂಟಪದ ತುಂಬ ಅಳಿಯಂದಿರದೇ ಪ್ಲಾಸ್ಟಿಕ್ ಗುಲಾಬಿಗಳು. ಅವುಗಳ ಶಿಸ್ತನ್ನು ಮೆಚ್ಚಲೇಬೇಕು, ಇಟ್ಟಲ್ಲಿ ಇದ್ದವು. ಶಿಸ್ತು ಕೆಡಿಸಿದ್ದು ಮಗಳು ಹಟ ಮಾಡಿ ಕಟ್ಟಿಸಿದ ಹಾರದೊಳಗಿದ್ದ ತಾವು. ತಾಳಿ ಕಟ್ಟುವ ಹೊತ್ತಿಗೆ ದಳಗಳೆಲ್ಲ ಹಸೆಮಣೆಯ ಸುತ್ತ ಬಿದ್ದಿದ್ದವು. ಯಾರೂ ತುಳಿಯಬಾರದೆಂದು ಆ ಮುನೀಂದ್ರ, ಮದುಮಗನಾದವರು, ಬಗ್ಗಿ ಬಗ್ಗಿ ಒಂದೊಂದನ್ನೇ ಆರಿಸಿ ಶಲ್ಯದ ತುದಿಯಲ್ಲಿ ಕಟ್ಟಿಕೊಳ್ಳುತ್ತಿದ್ದರು. ಪ್ಲಾಸ್ಟಿಕ್ ವ್ಯಾಪಾರಿಗೆ ಇಂಥ ಚೇಷ್ಟೆಗಳು ಅನಗತ್ಯವೆಂದು ನನ್ನ ಅಭಿಪ್ರಾಯ. ಅದನ್ನು ನೋಡಿದ ಮೇಲೆ ಅವರ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಆದರೂ ಮದುವೆಯಾದ ಮೇಲೆ ನಾನು ಹೊಸಕೋಟೆಗೆ ಹೋಗಿಲ್ಲ. ಮಗಳು ತಾಯಿಗೆ ಫೋನು ಮಾಡುತ್ತಾಳೆ, ನಾನು ಪೇಪರಿನ ಹಿಂದೆ ಕೂತು ಕೇಳಿಸಿಕೊಳ್ಳುತ್ತೇನೆ. ಒಂದು ಮಾತೂ ಆಡುವುದಿಲ್ಲ ಎಂದು ದೀಪ ಮುಟ್ಟಿ ಹೇಳಿದ್ದನ್ನು ಈಗ ಎಲ್ಲಕ್ಕೂ ಅನ್ವಯಿಸಿಕೊಂಡಿದ್ದೇನೆ. ತಾವು ಮಾತ್ರ ಏನೂ ಆಗದವರಂತೆ ಮತ್ತೊಂದು ಸುತ್ತು ಅರಳಿದ್ದೀರಿ. ಅವಳು ಹೋಗುವಾಗ ತಮ್ಮದೊಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದು ತಮಗೆ ನೆನಪಿರಬಹುದು. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ತಮ್ಮ ಪರಿಮಳ ಒಳಗೆ ಬರುತ್ತದೆ, ಅವಳ ಕೋಣೆಯವರೆಗೂ ಹೋಗುತ್ತದೆ, ಅಲ್ಲಿ ಯಾರೂ ಇಲ್ಲ. ಮಗಳು ತುಂಬ ನೆನಪಾಗುತ್ತಾಳೆ. ಈ ಒಂದು ವಾಕ್ಯವನ್ನು ವ್ಯಂಗ್ಯವಾಗಿ ಬರೆಯಲು ಎರಡು ಸಲ ಪ್ರಯತ್ನಿಸಿ ಬಿಟ್ಟಿದ್ದೇನೆ.

ಆದ್ದರಿಂದ ತಮ್ಮಲ್ಲಿ ವಿನಮ್ರ ಕೋರಿಕೆಗಳು. ಮಗಳು ಮನೆಯಲ್ಲಿ ಇಲ್ಲದ ದಿನಗಳಲ್ಲಿ ತಾವು ವಾಸನೆ ಬೀರಬಾರದು. ಉದುರುವುದಿದ್ದರೆ ನೇರವಾಗಿ ಕಸದ ಬುಟ್ಟಿಯೊಳಗೆ ಉದುರಬೇಕು. ನೆಲಮಂಗಲದ ಇಂಜಿನಿಯರರ ಕಡೆಯವರು ಈ ದಾರಿಯಾಗಿ ಘಾಟಿಗೆ ಹೋಗುವಾಗ, ಏನೂ ಗೊತ್ತಿಲ್ಲದ ದಾಸವಾಳದಂತೆ ಕಾಣಿಸಿಕೊಳ್ಳಬೇಕು. ಸಪ್ಲಮ್ಮನ ಸನ್ನಿಧಿಯಲ್ಲಿ ಎಡಭುಜಕ್ಕೆ ಯಾಕೆ ಅಂಟಿಕೊಂಡಿರಿ ಎಂಬುದಕ್ಕೆ ಲಿಖಿತ ವಿವರಣೆ ನೀಡಬೇಕು. ಇದು ಬಹಿರಂಗ ಪತ್ರವಾದ್ದರಿಂದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗೇಟಿಗೆ ಕಟ್ಟಿದ್ದೇನೆ. ಹೂ ಕೀಳಲು ಬರುವ ಭಕ್ತಾದಿಗಳು ಕೀಳುವ ಮುಂಚೆ ಓದಬಹುದು, ಸೊಣ್ಣಮ್ಮನವರಿಗೆ ಮಾತ್ರ ಯಾರೂ ಓದಿ ಹೇಳಬಾರದು.

ತಮ್ಮ ನೆರಳಿನಲ್ಲಿ ಗುಡಿಸುತ್ತ, ತಮ್ಮ ಉತ್ತರದ ದಾರಿ ಕಾಯುತ್ತಿರುವ,

ತಮ್ಮ ವಿಶ್ವಾಸಿ,
(ವಿಶ್ವಾಸವಿಟ್ಟು ಕೆಟ್ಟ)
ಉಮಾಶಂಕರ್

ಸಹಿ ಹಾಕಿದ ಮೇಲೆ ಸೇರಿಸಿದ್ದು: ನಿನ್ನೆ ಚಂದನ ಗಂಡನೊಂದಿಗೆ ಬಂದಿದ್ದಳು. ಗೇಟು ತೆರೆಯಲು ತಾವು ಬಿಡದಿದ್ದುದರಿಂದ ಅಲ್ಲೇ ನಿಂತು ಈ ಪತ್ರವನ್ನು ಪೂರ್ತಿ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒಳಗೆ ಬಂದು ನನ್ನ ಕೈಯಿಂದ ಪೊರಕೆ ತೆಗೆದುಕೊಂಡು, “ಅಪ್ಪಾ, ನೀನು ಹೂ ಬಿಡಿಸ್ತಿದ್ದಾಗ ನಾನು ಕಿಟಕೀಲೇ ನಿಂತಿದ್ದೆ. ಆ ಬಿಂದಿಗೆ ನೀರು ಯಾಕ್ ತಂದೆ ಅಂದ್ಕೊಂಡೆ?” ಎಂದಳು. ಒಗೆಯುವ ಕಲ್ಲಿನ ಮೇಲೆ ಅವಳು ವರ್ಷಗಟ್ಟಲೆ ಮಾಡಿದ್ದು ಆಟವಲ್ಲ, ಅಭ್ಯಾಸ ಎಂದು ನನಗೆ ತಿಳಿದದ್ದು ಆಗ. ಎಲ್ಲ ಗೊತ್ತಿದ್ದೂ ಮದುವೆಯ ದಿನ ನನ್ನ ಕಾಲಿಗೆ ಬಿದ್ದಿದ್ದಳು. ತಮ್ಮ ಮೇಲಿನ ನಂಬಿಕೆದ್ರೋಹದ ಆರೋಪವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ಮುಳ್ಳಿನದು ಹಾಗೆಯೇ ಇರುತ್ತದೆ. ಹೊಸಕೋಟೆಯಲ್ಲಿ ತಮ್ಮ ಕಡ್ಡಿ ಮೊದಲ ಮೊಗ್ಗು ಇಟ್ಟಿದೆಯಂತೆ. ಈಗ ಬಸ್ಸಿಗೆ ಹೊರಟಿದ್ದೇನೆ, ನಾಲ್ಕು ದಿನ ಅಂಗಳ ಗುಡಿಸಲು ಯಾರೂ ಇರುವುದಿಲ್ಲ. ಎಷ್ಟು ಬೇಕಾದರೂ ಉದುರಿಸಿಕೊಳ್ಳಿ.