ಮೊಟ್ಟೆಮನೆಗೆ ದಾರಿ

ಹೊಸ ಆಪರೇಟರಿಗೆ ಕೇಂದ್ರದ ವಿಳಾಸ ಕೊಟ್ಟಿರಲಿಲ್ಲ. ಆ ದಿನದ ಫಜೀತಿಗೆಲ್ಲ ಕಾರಣ ಇಷ್ಟೇ.

ಕೊಡದೆ ಇದ್ದದ್ದು ಮರೆವಿನಿಂದಲ್ಲ, ನಿಯಮದಿಂದ. ಉಪಗ್ರಹಗಳು ಆಕಾಶದಿಂದ ದಾರಿ ತೋರಿಸುತ್ತವೆ ಎಂದು ಜನ ನಂಬಿದ್ದಾರೆ. ಆದರೆ ತಾನೆಲ್ಲಿದ್ದೇನೆಂಬುದು ಉಪಗ್ರಹಕ್ಕೆ ತಾನಾಗಿ ತಿಳಿಯದು. ನೆಲದ ಮೇಲೆ ಕದಲದೆ ಕುಳಿತ ಭೂಕೇಂದ್ರಗಳು ಅದರ ಸಂಕೇತವನ್ನು ಕೇಳಿ, ತಪ್ಪೆಷ್ಟಾಗಿದೆ ಎಂದು ಮುಖ್ಯ ಕಚೇರಿಗೆ ತಿಳಿಸಬೇಕು. ಆಗಲೇ ಲಾರಿಗಳೂ ಹಡಗುಗಳೂ ಸೇರಬೇಕಾದಲ್ಲಿ ಸೇರುತ್ತವೆ. ಈ ಭೂಕೇಂದ್ರಗಳು ಎಲ್ಲಿವೆ ಎಂಬುದು ಮಾತ್ರ ಗುಟ್ಟು. ಅವು ನಕ್ಷೆಯಲ್ಲಿ ಇರಕೂಡದು. ಫೋನಿನಲ್ಲಿ ಅವುಗಳ ಊರು ಬೀದಿ ಹೇಳಕೂಡದು. ಲೋಕಕ್ಕೆಲ್ಲ ದಾರಿ ತೋರಿಸುವ ಇಲಾಖೆ ತನ್ನ ಮನೆಯ ದಾರಿಯನ್ನು ಯಾರಿಗೂ ಹೇಳುತ್ತಿರಲಿಲ್ಲ.

ಬೀದಿಯವರಿಗೆ ಈ ನಿಯಮ ಗೊತ್ತಿರಲಿಲ್ಲ. ಹಸಿರು ಗೇಟು, ಒಂದು ಕೋಣೆ, ಪಕ್ಕದ ಕಂಬದ ತುದಿಯಲ್ಲಿ ಗುಂಡಗೆ ಬೆಳ್ಳಗೆ ಕುಳಿತ ಆಂಟೆನಾ. ಅದಕ್ಕೆ ಅವರು ಮೊಟ್ಟೆಮನೆ ಎಂದು ಹೆಸರಿಟ್ಟಿದ್ದರು. ಅಲ್ಲಿನ ಆಪರೇಟರು ಮೊಟ್ಟೆ ಸಾರ್ ಆಗಿದ್ದ. ಬೇಡವೆಂದು ಮೊದಮೊದಲು ಹೇಳಿ ನೋಡಿದ್ದ. ಆಮೇಲೆ ಕರೆದರೆ ತಿರುಗಿ ನೋಡುವ ಅಭ್ಯಾಸವಾಯಿತು.

ಅವನ ಹೆಂಡತಿ ದೂರದ ಊರಿನಲ್ಲಿ ಶಾಲೆಯ ಟೀಚರು. ಮಗಳು ಅಂಬೆಗಾಲಿಟ್ಟದ್ದೂ ಮಾತು ಕಲಿತದ್ದೂ ಅಲ್ಲಿಯೇ. ಆ ಮಗು ಫೋನನ್ನೇ ಅಪ್ಪ ಎಂದು ತಿಳಿದಿತ್ತು. "ನಿನ್ನೆ ಅಪ್ಪನಿಗೆ ಊಟ ಮಾಡಿಸ್ತೀನಿ ಅಂತ ಫೋನಿಗೆ ತುತ್ತು ಮೆತ್ತಿದಾಳೆ ರೀ. ರಿಪೇರಿಗೆ ಕೊಟ್ಟಿದೀನಿ. ಈ ಸಲ ನೀವೇ ಬಂದು ತಿನ್ನಿ," ಎಂದು ಹೆಂಡತಿ ಪಕ್ಕದ ಮನೆಯ ಫೋನಿನಿಂದ ಹೇಳಿದ್ದಳು.

ದೇವರು ದಾರಿ ತೋರಿಸಿದ್ದ. ಅವಳ ಊರಿನಲ್ಲಿದ್ದ ಇಲಾಖೆಯ ಕಚೇರಿಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಹೊಸಬ ಬಂದು ಕೀ ತೆಗೆದುಕೊಂಡ ಕೂಡಲೇ ಇವನು ಸಂಜೆಯ ಬಸ್ಸಿಗೆ ಹೊರಡಬಹುದು. ಇವತ್ತು ಬಿಡುಗಡೆಯಾಗದಿದ್ದರೆ ಆ ಜಾಗ ಬೇರೆಯವರಿಗೆ.

ಬೆಳಿಗ್ಗೆಯೇ ಅವನು ಬಾಡಿಗೆ ಕೋಣೆ ತೆರವು ಮಾಡಿ, ಹಾಸಿಗೆ ಸುತ್ತಿ, ಪೆಟ್ಟಿಗೆಯನ್ನು ಗೇಟಿನ ಬಳಿ ತಂದಿಟ್ಟ. ಅವನು ಹೊಸ್ತಿಲು ದಾಟುವುದನ್ನೇ ಕಾಯುತ್ತಿದ್ದ ಎದುರಂಗಡಿಯ ದರ್ಜಿ ತನ್ನ ಭಾವಮೈದುನನ ಮಂಚವನ್ನು ಆ ಕೋಣೆಗೆ ಹೊರಿಸಿದ. ಮನೆಯೊಡತಿ ಅಜ್ಜಿಗೆ ಮೊದಲೇ ಹೇಳಿಟ್ಟಿದ್ದನಂತೆ.

ಅಷ್ಟರಲ್ಲಿ ಹೊಸಬನ ಫೋನು ಬಂತು. ವಿಳಾಸದ ಬದಲು ಅವನಿಗೆ ಇವನ ಫೋನ್ ನಂಬರು ಮಾತ್ರ ಕೊಟ್ಟಿದ್ದರು.

"ಸಾರ್, ನೀರಿನ ಟ್ಯಾಂಕ್ ಹತ್ರ ಇದೀನಿ."

"ಯಾವ ಟ್ಯಾಂಕು?"

"ದೊಡ್ಡದು ಸಾರ್. ಬಣ್ಣ ಹೋಗಿದೆ."

ಆಪರೇಟರು ಯೋಚಿಸಿದ. ಬಣ್ಣ ಹೋಗದ ಟ್ಯಾಂಕನ್ನು ಅವನು ಈವರೆಗೆ ಕಂಡಿರಲಿಲ್ಲ. ಊರಿನ ಹೆಸರು ಕೇಳುವಂತಿಲ್ಲ, ಹೇಳುವಂತಿಲ್ಲ. ಎಡಕ್ಕೆ ಬನ್ನಿ ಎಂದ. ಯಾವ ಕಡೆ ಮುಖ ಮಾಡಿ ನಿಂತರೆ ಎಡ ಎಂದು ಹೊಸಬ ವಿನಯದಿಂದ ಕೇಳಿದ. ತಾನು ನಿಂತ ಜಾಗವನ್ನು ಅವನ ಫೋನು ಒಂದು ಮೊಳವೂ ತಪ್ಪದೆ ಹೇಳುತ್ತಿತ್ತು. ಹೋಗಬೇಕಾದ ಜಾಗವನ್ನು ಮಾತ್ರ ಅದಕ್ಕೆ ಯಾರೂ ಹೇಳಿರಲಿಲ್ಲ.

ಕತ್ತರಿ ಹಿಡಿದೇ ಬಂದ ದರ್ಜಿಗೆ ಇದನ್ನು ಕೇಳಿ ತಡೆಯಲಾಗಲಿಲ್ಲ. "ಕೊಡಿ ಸಾರ್ ಇಲ್ಲಿ. ದಾರಿ ಹೇಳೋಕೂ ಒಂದು ಕ್ರಮ ಇದೆ," ಎಂದು ಫೋನು ಕಿತ್ತುಕೊಂಡ. "ನೋಡಪ್ಪ, ಸೀದಾ ನನ್ನ ಅಂಗಡಿಗೆ ಬಾ."

ಅಂಗಡಿ ಎಲ್ಲಿದೆ ಎಂದು ಹೊಸಬ ಕೇಳಿದನೆಂದು ಕಾಣುತ್ತದೆ.

"ಮೊಟ್ಟೆಮನೆ ಎದುರಿಗೆ."

ಆ ಕಡೆಯಿಂದ ಇನ್ನೊಂದು ಪ್ರಶ್ನೆ ಬಂತು.

"ಮೊಟ್ಟೆಮನೆನಾ? ನನ್ನ ಅಂಗಡಿ ಎದುರಿಗೇ ಇದೆಯಲ್ಲಪ್ಪ. ಇಷ್ಟು ಹೇಳಿದ್ರೂ ತಿಳಿಯಲ್ಲ ಅಂದ್ರೆ ಇವನೆಂಥ ಆಪರೇಟರು ಸಾರ್?"

ಆಮೇಲೆ ಅಜ್ಜಿ ಫೋನು ತೆಗೆದುಕೊಂಡರು. ಅವರು ಹುಟ್ಟಿ ಬೆಳೆದದ್ದು ಅದೇ ಬೀದಿಯಲ್ಲಿ. "ಮಗಾ, ಅಲ್ಲೊಂದು ದೊಡ್ಡ ಮರ ಇತ್ತು, ಈಗಿಲ್ಲ. ಅಲ್ಲಿ ಬಲಕ್ಕೆ ತಿರುಗು. ಮುಂದೆ ಡಾಕ್ಟರ ಮನೆ ಸಿಗುತ್ತೆ. ಅವರು ತೀರಿಕೊಂಡರು, ಪಾಪ, ಮನೇನೂ ಕೆಡವಿದರು. ಅದನ್ನ ದಾಟಿ ಬಾ," ಎಂದು ಹೇಳಿ, ಡಾಕ್ಟರನ್ನು ನೆನೆದು ಕಣ್ಣೊರೆಸಿಕೊಂಡು ಫೋನನ್ನು ಆರಿಸಿಬಿಟ್ಟರು.

ಮಧ್ಯಾಹ್ನದವರೆಗೆ ಹೊಸಬ ಮೂರು ನಾಲ್ಕು ಟ್ಯಾಂಕುಗಳ ಕೆಳಗಿನಿಂದ ಮಾತಾಡಿದ. ಅವನ ದನಿ ಒಂದೊಂದು ಸಲವೂ ಸಣ್ಣದಾಗುತ್ತ ಹೋಯಿತು. ಕಡೆಗೆ ಯಾವುದೋ ಬಸ್ಸು ಹತ್ತಿದ್ದೇನೆ ಎಂದ. ಅಷ್ಟರಲ್ಲಿ ಬ್ಯಾಟರಿ ಮುಗಿದು ಮಾತು ನಿಂತಿತು.

ಇನ್ನು ನನಗೆ ಬಿಡಿ ಎಂದು ದರ್ಜಿಯ ಭಾವಮೈದುನ ಸ್ಕೂಟರು ಹೊರಡಿಸಿದ. ಮೊಟ್ಟೆ ಸಾರ್ ಹೋಗದೆ ಕೋಣೆ ಗಟ್ಟಿಯಾಗುವಂತಿರಲಿಲ್ಲವಾದ್ದರಿಂದ ಅವನ ಉತ್ಸಾಹದಲ್ಲಿ ಕಪಟವಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅಚ್ಚುಕಟ್ಟಾಗಿ ಷರಟು ಹಾಕಿ ಪೆಟ್ಟಿಗೆ ಹಿಡಿದ ಒಬ್ಬನನ್ನು ಹಿಂದೆ ಕೂರಿಸಿಕೊಂಡು ಬಂದ. "ಬಸ್ ಸ್ಟ್ಯಾಂಡಿನಲ್ಲಿ ಪೆಟ್ಟಿಗೆ ಹಿಡ್ಕೊಂಡು ಅತ್ತಿತ್ತ ನೋಡ್ತಿದ್ದರು. ಆಪರೇಟರಾ ಅಂತ ಕೇಳಿದೆ, ಹೂಂ ಅಂದರು."

ಆಪರೇಟರಿಗೆ ಹೋದ ಜೀವ ಬಂದಂತಾಯಿತು. ಅತಿಥಿಯನ್ನು ಒಳಗೆ ಕರೆದೊಯ್ದು ಆಂಟೆನಾದಿಂದ ಇಳಿಯುವ ಕೇಬಲು, ಸಂಕೇತ ಕೇಳುವ ಯಂತ್ರ, ಅದರ ಗಡಿಯಾರ, ಮುಖ್ಯ ಕಚೇರಿಗೆ ಸುದ್ದಿ ಹೋಗುವ ಬಗೆ, ಎಲ್ಲವನ್ನೂ ಒಂದೂ ಬಿಡದೆ ವಿವರಿಸಿದ. ಇಷ್ಟು ಗಮನವಿಟ್ಟು ಕೇಳುವವರನ್ನು ಅವನು ಕಂಡಿರಲಿಲ್ಲ. ಮುಗಿದ ಮೇಲೆ ಆತ ಪೆಟ್ಟಿಗೆ ತೆರೆದ.

"ಎಲ್ಲಾ ಚೆನ್ನಾಗಿದೆ ಸಾರ್. ನಲ್ಲಿ ಎಲ್ಲಿದೆ?"

ಅವನು ನೀರು ಶುದ್ಧ ಮಾಡುವ ಯಂತ್ರ ಮಾರುವವನು. ದಿನವಿಡೀ ಯಾರೂ ಬಾಗಿಲು ತೆರೆದಿರಲಿಲ್ಲ. ಇಲ್ಲಿ ಮನೆಗೇ ಕರೆದರೆಂದು ಎಲ್ಲಕ್ಕೂ ಹೂಂ ಎಂದಿದ್ದ. ಇಲಾಖೆಯ ಗುಟ್ಟನ್ನೆಲ್ಲ ಹೊರಗಿನವನ ಕಿವಿಗೆ ಸುರಿದ ಆಪರೇಟರು ಬೆವತುಹೋದ. ಇಲ್ಲಿ ನೋಡಿದ್ದನ್ನು ಮರೆತುಬಿಡಬೇಕೆಂದು ಬೇಡಿಕೊಂಡ. ಮರೆಯುವೆನೆಂದು ಆತ ಮಾತುಕೊಟ್ಟು, ಹೊರಗೆ ಹೋಗಿ, ಒಳಗೆ ಎಂಥಾ ಯಂತ್ರಗಳಿವೆ ಎಂದು ಅಜ್ಜಿಗೆ ಹೇಳುತ್ತ ಅವರ ನಲ್ಲಿಯ ಕಡೆ ನಡೆದ.

ಬಿಸಿಲು ಇಳಿಯಿತು. ಆಪರೇಟರು ಪೆಟ್ಟಿಗೆಯ ಮೇಲೆ ಕುಳಿತು ಕಣ್ಣು ಮುಚ್ಚಿ ಪ್ರಾರ್ಥಿಸಿದ. ಸಂಜೆಯ ಬಸ್ಸು ಬೀದಿಯ ತುದಿಯಲ್ಲಿ ಹಾರನ್ ಹಾಕಿತು. ಆಗ ಫೋನು ಬಂತು. ಹೊಸಬನೇ. ದನಿಯಲ್ಲಿ ಆನಂದ.

"ತಲುಪಿದೆ ಸಾರ್. ಚಾರ್ಜೂ ತಗೊಂಡೆ."

"ಎಲ್ಲಿ?"

"ಕೇಂದ್ರದಲ್ಲೇ. ಹಸಿರು ಗೇಟು, ಬಿಳಿ ಆಂಟೆನಾ. ಬೆಟ್ಟ ದಾಟಿ ಬಂದೆ. ಇಲ್ಲಿದ್ದವರು ನನ್ನ ನೋಡಿ ಅತ್ತೇಬಿಟ್ಟರು. ಯಾರನ್ನಾದರೂ ಕಳಿಸಪ್ಪಾ ಅಂತ ದಿನಾ ದೇವರನ್ನ ಬೇಡ್ಕೊಳ್ತಿದ್ರಂತೆ. ಕೀ ಕೈಗಿಟ್ಟು ಓಡಿಹೋದರು." ಸ್ವಲ್ಪ ತಡೆದು ಕೇಳಿದ: "ಹಾಗಾದ್ರೆ ನೀವು ಯಾರು ಸಾರ್?"

ಬೆಟ್ಟದಾಚೆ ಇನ್ನೊಂದು ಕೇಂದ್ರವಿರುವುದು ಇವನಿಗೆ ಗೊತ್ತಿರಲಿಲ್ಲ. ಗೊತ್ತಿರಕೂಡದೆಂದೇ ನಿಯಮ. ದೇವರು ಮೊರೆ ಕೇಳಿದ್ದ, ಕೇಳಿದ್ದು ಬೆಟ್ಟದಾಚೆಯವನದು.

ಅವನು ಮುಖ್ಯ ಕಚೇರಿಗೆ ಫೋನು ಮಾಡಿದ. ಹಿರಿಯ ಅಧಿಕಾರಿ ಶಾಂತವಾಗಿ ಕೇಳಿಸಿಕೊಂಡರು. ಒಬ್ಬರು ಸೇರಿದ್ದಾರೆ, ಒಬ್ಬರು ಬಿಡುಗಡೆಯಾಗಿದ್ದಾರೆ, ಗುಟ್ಟಿನ ಸಲುವಾಗಿ ಆದೇಶದಲ್ಲಿ ಯಾರ ಹೆಸರೂ ಇಲ್ಲ, ಆದ್ದರಿಂದ ಬಿಡುಗಡೆಯಾದವರೇ ಖಾಲಿಯಿದ್ದ ಆ ಜಾಗಕ್ಕೆ ಹೊರಟಾಗಿದೆ ಎಂದರು.

"ಸಾರ್, ಹೋಗಬೇಕಾಗಿದ್ದವನು ನಾನು. ಹೊಸಬರಿಗೆ ನನ್ನ ಕೇಂದ್ರ ಸಿಗಲೇ ಇಲ್ಲ."

"ಇಡೀ ದಿನ ಹುಡುಕಿದರೂ ಸಿಗಲಿಲ್ಲವೇ?"

"ಇಲ್ಲ ಸಾರ್."

"ದಾರಿಯಲ್ಲಿ ಯಾರೂ ಹೇಳಲಿಲ್ಲವೇ?"

ಆಪರೇಟರು ದರ್ಜಿಯನ್ನೂ ಅಜ್ಜಿಯನ್ನೂ ನೋಡಿದ. "ಹೇಳಿದರು ಸಾರ್. ಆದರೂ ಸಿಗಲಿಲ್ಲ."

ಅಧಿಕಾರಿಗಳು ಹೆಮ್ಮೆಯಿಂದ ಹೇಳಿದರು:

"ನನ್ನ ಸರ್ವೀಸಿನಲ್ಲಿ ಇಂಥ ಕೇಂದ್ರ ನೋಡಿಲ್ಲ ಕಣ್ರೀ. ಬೆಟ್ಟದಾಚೆಯದನ್ನ ನೋಡಿ, ದಾರಿ ತಪ್ಪಿದವನಿಗೂ ಸಿಕ್ಕಿಬಿಡ್ತು. ನಮ್ಮ ಇಲಾಖೆಯವನಿಗೇ ಸಿಗದ ಹಾಗೆ ಗುಟ್ಟು ಕಾಪಾಡಿದೀರಿ. ನಿಮ್ಮನ್ನ ಅಲ್ಲಿಂದ ಎಬ್ಬಿಸಿದರೆ ದೇವರು ಮೆಚ್ಚಲ್ಲ. ಅಲ್ಲೇ ಕಾಯಂ ಮಾಡ್ತೀನಿ."

ಬಸ್ಸು ಹೊರಟ ಸದ್ದು ಕೇಳಿಸಿತು. ಹೊರಗಿನವನೊಬ್ಬ ಬಂದು ಎಲ್ಲವನ್ನೂ ನೋಡಿ ಹೋದ ಎಂದು ಹೇಳಿದರೆ ಹೆಂಡತಿಯ ಊರಿಗೆ ಹೋಗುವುದಿರಲಿ, ಕೆಲಸದಿಂದಲೇ ಬಿಡುಗಡೆಯಾಗುತ್ತದೆ. ಹೇಳದಿದ್ದರೆ ಇಲ್ಲೇ ಕಾಯಂ. ಆಪರೇಟರು ಎರಡನ್ನೂ ತೂಗಿ ನೋಡಿದ.

"ಥ್ಯಾಂಕ್ಸ್ ಸಾರ್," ಎಂದ.