ಗೆಲುವಿನ ಗೆರೆಯ ಮೇಲೆ ಹಾಕಿದ ಪೆಂಡಾಲಿನ ವಿಷಯವಾಗಿ

ಕ್ರೀಡಾ ಸಂಸ್ಥೆಗಳ ಕೆಲಸಕಾರ್ಯ ಪರಿಶೀಲಿಸುವ ಸಂಸದೀಯ ಸಮಿತಿಯ ಪರಮ ಮಾನ್ಯ ಅಧ್ಯಕ್ಷರೇ,

ವಿಜಯಪುರದ ಕ್ರೀಡಾ ಹಾಸ್ಟೆಲ್ಲೊಂದರಲ್ಲಿ ಆರನೇ ಇಯತ್ತೆಯಿಂದ ಬೆಳೆದು, ಈಗ ಬಿ.ಕಾಂ. ಮೊದಲ ವರ್ಷದಲ್ಲಿರುವ ಸೈಕಲ್ ಓಟಗಾರ್ತಿ ಸುಧಾರಾಣಿಯ ಸಾಷ್ಟಾಂಗ ನಮಸ್ಕಾರಗಳು. ಇಂಥದ್ದೇ ನಮಸ್ಕಾರವನ್ನು ಹಿಂದೊಮ್ಮೆ ತಮಗೆ ಖುದ್ದಾಗಿ ಮಾಡಿದ್ದೇನೆ. ಅದರ ವಿವರ ಮುಂದೆ ಬರುತ್ತದೆ. ನನಗೆ ಕನ್ನಡ ಅರ್ಧ, ಇಂಗ್ಲಿಷ್ ಅರ್ಧ ಬರುವುದರಿಂದ ತಪ್ಪಿದ್ದರೆ ಮನ್ನಿಸಬೇಕು. ಟೆನ್ಷನ್ ಮಾತ್ರ ಪೂರ್ತಿ ಇದೆ.

ಟೆನ್ಷನ್ನಿಗೆ ಕಾರಣ ಇಷ್ಟೇ: ವಯಸ್ಸಿನ ಲೆಕ್ಕದಲ್ಲಿ ಈ ಡಿಸೆಂಬರ್ ಮುಗಿಯುವವರೆಗೆ ಮಾತ್ರ ನಾನು ಜ್ಯೂನಿಯರ್. ಅಷ್ಟರೊಳಗೆ ರಾಜ್ಯ ತಂಡಕ್ಕೆ ಆಯ್ಕೆಯಾಗದಿದ್ದರೆ ಹಾಸ್ಟೆಲ್ಲಿನಲ್ಲಿ ನನ್ನ ಮಂಚ ಬೇರೆಯವರ ಪಾಲು. ಆಯ್ಕೆಯಾಗಬೇಕೆಂದರೆ ಟ್ರಯಲ್ಸ್ ನಡೆಯಬೇಕು. ಟ್ರಯಲ್ಸ್ ಯಾಕೆ ನಡೆಸಿಲ್ಲವೆಂದು ಕೇಳಿದರೆ, ವಿಷಯ ಸಂಸದೀಯ ಸಮಿತಿಯ ಮುಂದಿದೆ, ನಾವು ಮುಂದೆ ಹೋಗುವಂತಿಲ್ಲ ಎಂದು ನಮ್ಮ ಸೈಕಲ್ ಮಹಾಮಂಡಳಿ ಹೇಳುತ್ತದೆ. ತಮ್ಮ ಸಮಿತಿಯನ್ನು ಕೇಳಿದರೆ, ಮಹಾಮಂಡಳಿ ಸ್ವಾಯತ್ತ ಸಂಸ್ಥೆ, ನಾವು ಶಿಫಾರಸು ಮಾಡಬಹುದೇ ಹೊರತು ಮುಂದೆ ಹೋಗುವಂತಿಲ್ಲ ಎಂಬ ಉತ್ತರ ಬರುತ್ತದೆ.

ಹೀಗೆ ಮುಂದೆ ಹೋಗದೆ ನಿಲ್ಲುವುದು ನಮ್ಮ ಆಟದ ಅತಿ ಕಠಿಣ ವಿದ್ಯೆಯೆಂಬುದು ತಮಗೆ ತಿಳಿದಿರಲಾರದು. ಟ್ರ್ಯಾಕ್ ಸ್ಪ್ರಿಂಟಿನಲ್ಲಿ ಮೊದಲು ಹೊರಟವರು ಗಾಳಿ ಸೀಳಬೇಕು, ಹಿಂದಿನವರಿಗೆ ಮರೆ ಸಿಗುತ್ತದೆ. ಹಾಗಾಗಿ ಇಬ್ಬರೂ ಸೈಕಲ್ ಮೇಲೆಯೇ ಅಲುಗದೆ ನಿಂತು, ನೀನು ಹೋಗು, ನೀನೇ ಹೋಗು ಎಂದು ಕಣ್ಣಲ್ಲೇ ಕಾಯುತ್ತಾರೆ. ಒಳ್ಳೊಳ್ಳೆಯ ಓಟಗಾರರೂ ಒಂದೆರಡು ನಿಮಿಷದಲ್ಲಿ ಕಾಲೂರುತ್ತಾರೆ. ತಾವೂ ಮಹಾಮಂಡಳಿಯೂ ಎರಡು ವರ್ಷದಿಂದ ನಿಂತಿದ್ದೀರಿ, ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ಪದಕವಿದ್ದರೆ ಎರಡು ಬಂಗಾರದವೇ ಆಗಬೇಕಿತ್ತು.

ಇನ್ನು ಆ ನಮಸ್ಕಾರದ ವಿಚಾರ. ಕಳೆದ ತಿಂಗಳು ಟಿಕೋಟಾ ರಸ್ತೆಯಲ್ಲಿ ಕೊನೆಗೂ ಟ್ರಯಲ್ಸ್ ನಿಗದಿಯಾಗಿತ್ತು. ಟ್ರಯಲ್ಸ್ ಯಾಕೆ ನಡೆಯುತ್ತಿಲ್ಲವೆಂದು ವಿಚಾರಿಸಲು ತಾವು ಅದೇ ದಿನ ದಯಮಾಡಿಸಿದಿರಿ. ರಸ್ತೆ ಕಾಯಬೇಕಿದ್ದ ಪೊಲೀಸರು ತಮ್ಮ ಕಾರುಗಳ ಮುಂದೆ ಹೋದರು. ಬೇವಿನ ನೆರಳು ಚೆನ್ನಾಗಿದೆಯೆಂದು ಜಿಲ್ಲಾ ಸೈಕಲ್ ಸಂಘದವರು ಪೆಂಡಾಲನ್ನು ಸರಿಯಾಗಿ ನಮ್ಮ ಗೆಲುವಿನ ಗೆರೆಯ ಮೇಲೆಯೇ ಹಾಕಿದರು. ಸುಣ್ಣದ ಬಿಳಿ ಗೆರೆಯನ್ನು ಕೆಂಪು ಜಮಖಾನೆ ನುಂಗಿತು. ನಮ್ಮ ಕೋಚ್ ಅಮೋಘಸಿದ್ದ ಸರ್ ಮಾತ್ರ, “ಯಾರೂ ಬೂಟ ಬಿಚ್ಚಬ್ಯಾಡ್ರಿ, ಸಾಹೇಬ್ರು ಊಟಕ್ಕ ಕುಂತ ಕೂಡ್ಲೆ ಬಬಲೇಶ್ವರ ರೋಡಿಗೆ ಒಯ್ದು ಓಡಸ್ತೀನಿ” ಎಂದಿದ್ದರು. ಹೀಗಾಗಿ ಹೂಗುಚ್ಛ ಕೊಡುವ ಸರದಿ ಬಂದಾಗ ನನ್ನ ಕಾಲಲ್ಲಿ ರೇಸಿನ ಬೂಟೇ ಇತ್ತು. ಆ ಬೂಟಿನ ಅಡಿಯಲ್ಲಿ ಪೆಡಲ್ಲಿಗೆ ಸಿಕ್ಕಿಸುವ ಗಟ್ಟಿ ಬಿಲ್ಲೆ ಇರುತ್ತದೆ. ಪೆಡಲ್ ಮೇಲೆ ಗಟ್ಟಿಯಾಗಿ ಹಿಡಿಯುವ ಅದು ವೇದಿಕೆಯ ಹಲಗೆಯ ಮೇಲೆ ಜಾರುತ್ತದೆ. ನಾನು ಜಾರಿ, ಹೂವಿನ ಸಮೇತ, ನೇರ ತಮ್ಮ ಪಾದಗಳ ಮೇಲೆ ಬಿದ್ದೆ. ತಾವು ಭಾವುಕರಾಗಿ ತಲೆ ಮುಟ್ಟಿ ಹರಸಿದಿರಿ, ಸಭೆ ಚಪ್ಪಾಳೆ ತಟ್ಟಿತು. ನನ್ನ ಜೋಡಿ ಓಡುವ ಟಿಕೋಟಾದ ತಬಸ್ಸುಮ ಮೆಲ್ಲಗೆ ಎಬ್ಬಿಸುತ್ತ, “ಏಳ ಲೇ ಸುಧಾ, ಬಿದ್ದದ್ದಕ್ಕ ಆಶೀರ್ವಾದರ ಸಿಕ್ತು. ಓಡಿದ್ರ ಬರೇ ದಮ್ಮ ಹತ್ತತಿತ್ತು” ಎಂದಳು.

ಊಟ ಸಂಜೆಯವರೆಗೆ ನಡೆಯಿತು, ಬಬಲೇಶ್ವರ ರಸ್ತೆಗೆ ಕತ್ತಲಾಯಿತು. ‘ಕ್ರೀಡಾಪಟುಗಳಲ್ಲಿ ಹಿರಿಯರ ಬಗ್ಗೆ ಅಪಾರ ಭಕ್ತಿ ಕಂಡುಬಂತು’ ಎಂದು ತಮ್ಮ ಪ್ರವಾಸದ ವರದಿಯಲ್ಲಿ ಓದಿದ ಮೇಲೆ ನನ್ನ ಮೊಣಕಾಲಿನ ಗಾಯಕ್ಕೂ ಒಂದು ಅರ್ಥ ಬಂದಂತಾಗಿದೆ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಡಿಸೆಂಬರ್ ಮೂವತ್ತೊಂದನ್ನು ಮುಂದಿನ ಅಧಿವೇಶನದವರೆಗೆ ಮುಂದೂಡಬೇಕು. ತಾವು ಎಷ್ಟೋ ಸಂಗತಿಗಳನ್ನು ಮುಂದೂಡಿದವರು, ಇದೊಂದು ದಿನ ತಮಗೆ ಭಾರವಾಗದು. ಅದಾಗದಿದ್ದರೆ, ತಾವೂ ಮಹಾಮಂಡಳಿಯ ಅಧ್ಯಕ್ಷರೂ ನಮ್ಮ ಸೈಕಲ್ ಹತ್ತಿ ಟಿಕೋಟಾದಿಂದ ವಿಜಯಪುರಕ್ಕೆ ಎದುರುಗಾಳಿಯಲ್ಲಿ ಸಭೆ ನಡೆಸಬೇಕು. ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಗುವಾಗ ಅದರ ಮರೆ ಹಿಡಿಯುವುದನ್ನು ನಾವು ಕಲಿಸಿಕೊಡುತ್ತೇವೆ. ಯಾರು ಮೊದಲು ಕಾಲೂರುತ್ತಾರೋ ಅವರೇ ಟ್ರಯಲ್ಸ್ ನಡೆಸತಕ್ಕದ್ದು. ಎರಡೂ ಆಗದಿದ್ದರೆ, ಆ ಜಮಖಾನೆಯನ್ನಾದರೂ ಒಮ್ಮೆ ಎತ್ತಿ ನೋಡಬೇಕು ಸರ್. ಅದರ ಕೆಳಗೆ ನಮ್ಮ ಗೆರೆ ಇದೆ.

ಒಂದು ಕಾಲು ಪೆಡಲ್ ಮೇಲೆ, ಇನ್ನೊಂದು ಹಾಸ್ಟೆಲ್ ಗೇಟಿನ ಹೊರಗೆ ಇಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಸುಧಾರಾಣಿ

ತಾಜಾ ಕಲಂ: ಈ ಪತ್ರ ಮುಗಿಸುವಷ್ಟರಲ್ಲಿ ಸಂತೋಷದ ಸುದ್ದಿ ಬಂತು. ಆ ದಿನದ ಟ್ರಯಲ್ಸ್ ಯಾಕೆ ನಿಂತಿತೆಂದು ವಿಚಾರಿಸಲು ತಾವು ಜನವರಿಯಲ್ಲಿ ಮತ್ತೆ ಬರುತ್ತಿದ್ದೀರಂತೆ, ಹೂಗುಚ್ಛ ಕೊಡಲು ಸಂಘದವರು ನನ್ನನ್ನೇ ಆಯ್ಕೆ ಮಾಡಿದ್ದಾರೆ. ಈ ಆಯ್ಕೆಗೆ ವಯೋಮಿತಿ ಇಲ್ಲವಂತೆ. ಬೂಟು ಮಾತ್ರ ಅವೇ ಹಾಕಿಕೊಂಡು ಬರಬೇಕೆಂದು ಹೇಳಿದ್ದಾರೆ.